ನಾಳೆ ಬೆಳಿಗ್ಗೆ ಇದನ್ನು ಯಾರೋ ಮಾಡಬೇಕು

ಧಾರಾವಾಹಿ ಬರೆಯುವುದನ್ನು ಕಲಿಯಬೇಕು ಎಂದು ಬರುವ ಹುಡುಗ ಹುಡುಗಿಯರು ಈಚೆಗೆ ಹೆಚ್ಚಾಗಿದ್ದಾರೆ. ಬಂದವರು ಕಥೆಯ ಬಗ್ಗೆ ಕೇಳುತ್ತಾರೆ. ಟ್ವಿಸ್ಟ್ ಎಲ್ಲಿ ಕೊಡಬೇಕು, ಚಾನೆಲ್‌ನವರಿಗೆ ಕಥೆ ಹೇಗೆ ಒಪ್ಪಿಸಬೇಕು, ಎಪಿಸೋಡಿಗೆ ಎಷ್ಟು ಕೊಡುತ್ತಾರೆ ಎಂದೆಲ್ಲ ವಿಚಾರಿಸುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ಅವರು ಕೇಳದಿದ್ದರೂ ನಾನಾಗಿ ಹೇಳುವ ಮಾತೊಂದಿದೆ: ಟೀವಿಗೆ ಬರೆದದ್ದನ್ನು ನಾಳೆ ಬೆಳಿಗ್ಗೆ ಏಳು ಗಂಟೆಗೆ ಯಾರೋ ಮಾಡಬೇಕು. ನೀವು ಬರೆದ ತೊಟ್ಟಿಲನ್ನು ಒಬ್ಬರು ಹುಡುಕಿ ತರಬೇಕು, ನೀವು ಬರೆದ ಕಣ್ಣೀರನ್ನು ಒಬ್ಬರು ಮಧ್ಯಾಹ್ನದ ಊಟ ಬಿಟ್ಟು ಸುರಿಸಬೇಕು, ಇದಕ್ಕೆಲ್ಲ ಒಬ್ಬರು ದುಡ್ಡು ಹೊಂದಿಸಬೇಕು. ಬರೆಯುವವಳಾಗಿದ್ದಾಗ ನನಗೆ ಇದು ಅರ್ಧ ತಿಳಿದಿತ್ತು. ನಿರ್ಮಾಪಕಿಯಾದ ಮೇಲೆ ಉಳಿದರ್ಧ ತಿಳಿಯಿತು.

ನಾನು ಹವ್ಯಾಸಿ ರಂಗಭೂಮಿಯಿಂದ ಬಂದವಳು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾದ ಮೇಲೆ ಬಹುಕಾಲ ಕನ್ನಡದ ಧಾರಾವಾಹಿ ಎಂದರೆ ವಾರಕ್ಕೊಂದು ಕಂತು, ಹದಿಮೂರು ವಾರಕ್ಕೆ ಕಥೆ ಮುಗಿಯುವುದು. 1994ರಲ್ಲಿ ಉದಯ ಟೀವಿ, 2000ದ ಕೊನೆಗೆ ಈಟೀವಿ ಕನ್ನಡ, ಆಮೇಲೆ ಜೀ ಕನ್ನಡ, ಸುವರ್ಣ ಬಂದವು. ವಾರದ ಕಥೆ ದಿನದ ಕಥೆಯಾಯಿತು. ಆ ಬದಲಾವಣೆಯ ನಡುವೆ ನಾನು ಒಳಗೆ ಬಂದೆ. ಹೇಳಿಕೊಡುವ ಶಾಲೆ ಇರಲಿಲ್ಲ. ಕಲಿತದ್ದೆಲ್ಲ ಸೆಟ್ಟಿನಲ್ಲಿ, ಹೆಚ್ಚಿನದು ಬೇರೆಯವರಿಗೆ ತೊಂದರೆ ಕೊಟ್ಟ ಮೇಲೆ.

1. ಕಾಗದದಲ್ಲಿ ಮಳೆ ಸುರಿಸುವ ಮೊದಲು ಟ್ಯಾಂಕರ್ ನೆನೆಸಿಕೊಳ್ಳಿ

ನಾಟಕದಲ್ಲಿ ಮಳೆ ಬರಿಸುವುದು ಸುಲಭ. ಒಬ್ಬ ನಟಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಓಡಿದರೆ ಸಾಕು, ಪ್ರೇಕ್ಷಕರೇ ನೆನೆಯುತ್ತಾರೆ. ಅದೇ ಅಭ್ಯಾಸದಲ್ಲಿ ಧಾರಾವಾಹಿಯ ಒಂದು ದೃಶ್ಯಕ್ಕೆ "ಹೊರಗೆ ಜೋರು ಮಳೆ, ಆಕೆ ಗೇಟಿನ ಬಳಿ ನೆನೆಯುತ್ತ ನಿಂತಿದ್ದಾಳೆ" ಎಂದು ಬರೆದು ಕಳುಹಿಸಿದೆ. ಆ ಒಂದು ಸಾಲಿಗೆ ನೀರಿನ ಟ್ಯಾಂಕರ್ ಬಂತು, ಪೈಪು ಹಿಡಿಯುವವರು ಬಂದರು, ನೆನೆದ ಸೀರೆಗೆ ಜೋಡಿ ಸೀರೆ ಬೇಕಾಯಿತು, ಲೈಟುಗಳಿಗೆ ಹೊದಿಕೆ ಬೇಕಾಯಿತು. ನೀರಿನ ಸದ್ದಿಗೆ ಮಾತು ಕೇಳದೆ ಡಬ್ಬಿಂಗಿಗೆ ಹೋಗಬೇಕಾಯಿತು. ಎರಡು ನಿಮಿಷದ ದೃಶ್ಯ ಅರ್ಧ ದಿನ ತಿಂದಿತು, ಅವತ್ತಿನ ಉಳಿದ ದೃಶ್ಯಗಳು ಅರೆಬರೆಯಾದವು. ಆ ನಟಿಗೆ ಮರುದಿನ ಜ್ವರ.

ಯಾರೂ ನನ್ನನ್ನು ಬೈಯಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಮಾತ್ರ, "ಮೇಡಂ, ಆ ಸೀನಿಗೆ ಮಳೆ ಬೇಕೇ ಬೇಕಿತ್ತಾ?" ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಬರೆಯುವಾಗ ಕೇಳಿಕೊಂಡೇ ಇರಲಿಲ್ಲ. ದೃಶ್ಯಕ್ಕೆ ಬೇಕಿದ್ದದ್ದು ಆಕೆಯನ್ನು ಒಳಗೆ ಕರೆಯದ ಮನೆಯವರು. ಮಳೆ ಇಲ್ಲದಿದ್ದರೂ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಹಾಗೆಂದು ಏನೂ ಕೇಳಬೇಡಿ ಎಂದು ಹೇಳುತ್ತಿಲ್ಲ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಮಾಡುವಾಗ ಆರ್.ಕೆ. ನಾರಾಯಣರ ಕಲ್ಪನೆಯ ಊರನ್ನು ಆಗುಂಬೆಯಲ್ಲಿ ನಿಲ್ಲಿಸಿದರು. ಅಲ್ಲಿಯ ದೊಡ್ಡಮನೆ, ಅಲ್ಲಿಯ ಬೀದಿ, ಆ ಊರಿನ ಬೆಳಕು ಎಲ್ಲವೂ ಕಥೆಗೆ ಬೇಕಿದ್ದವು. ಬೇಕಾದದ್ದಕ್ಕೆ ಹಟ ಹಿಡಿಯಬೇಕು. ಬೇಡದ್ದನ್ನೆಲ್ಲ ಬಿಟ್ಟುಕೊಟ್ಟಿದ್ದವರ ಹಟಕ್ಕೆ ಸೆಟ್ಟಿನಲ್ಲಿ ಬೆಲೆ ಇರುತ್ತದೆ.

2. ಏಳು ಗಂಟೆಯ ಧಾರಾವಾಹಿಯನ್ನು ಕಿವಿಗೆ ಬರೆಯಬೇಕು

ಬಹಳ ಪ್ರೀತಿಯಿಂದ ಬರೆದ ಒಂದು ದೃಶ್ಯವಿತ್ತು. ಅತ್ತೆ ಸೊಸೆಯ ಪೆಟ್ಟಿಗೆ ತೆರೆದು, ಒಳಗಿದ್ದ ಔಷಧದ ಚೀಟಿ ನೋಡಿ, ಏನೂ ಹೇಳದೆ ಮುಚ್ಚಿಡುತ್ತಾಳೆ. ಒಂದು ಮಾತೂ ಇಲ್ಲ. ನಟಿಯೂ ಅದ್ಭುತವಾಗಿ ಮಾಡಿದ್ದರು. ಪ್ರಸಾರವಾದ ಮೇಲೆ ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಗಿತ್ತು ಎಂದು ಕೇಳಿದೆ. "ಯಾವ ಚೀಟಿ? ನಾನು ಚಪಾತಿ ಒತ್ತುತ್ತಾ ಇದ್ದೆ ಕಣೇ, ಮಧ್ಯದಲ್ಲಿ ಸ್ವಲ್ಪ ಹೊತ್ತು ಸೌಂಡೇ ಬರಲಿಲ್ಲ" ಎಂದರು.

ಆಮೇಲೆ ಹಲವು ಮನೆಗಳಲ್ಲಿ ಗಮನಿಸಿದೆ. ಸಂಜೆ ಏಳಕ್ಕೆ ಟೀವಿ ಹಾಲ್‌ನಲ್ಲಿ ಓಡುತ್ತಿರುತ್ತದೆ, ಅದನ್ನು ನೋಡಬೇಕಾದವರು ಅಡುಗೆಮನೆಯಲ್ಲಿ ಇರುತ್ತಾರೆ. ಪಾತ್ರೆಯ ಸದ್ದು, ಕುಕ್ಕರ್ ಸೀಟಿ, ಮಕ್ಕಳ ಹೋಂವರ್ಕ್ ದಾಟಿ ಮಾತು ಅವರಿಗೆ ತಲುಪಬೇಕು. ಒಂಬತ್ತೂವರೆಗೆ ಊಟ ಮುಗಿದಿರುತ್ತದೆ, ಎಲ್ಲರೂ ಕೂತಿರುತ್ತಾರೆ. ಆಗ ಮೌನವನ್ನೂ ಬರೆಯಬಹುದು. ಕಥೆ ಒಂದೇ ಆದರೂ ಸ್ಲಾಟ್ ಬದಲಾದರೆ ಬರವಣಿಗೆ ಬದಲಾಗಬೇಕು. ಇದನ್ನು ಕೀಳೆಂದು ತಿಳಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಡೀ ದಿನ ಬೇರೆಯವರಿಗಾಗಿ ದುಡಿದ ಹೆಂಗಸು ಒಗ್ಗರಣೆ ಹಾಕುತ್ತ ನಮ್ಮ ಕಥೆಗೆ ಕಿವಿ ಕೊಡುತ್ತಾಳೆಂದರೆ ಆ ಕಿವಿಗೆ ಕಥೆ ಮುಟ್ಟಿಸುವ ಜವಾಬ್ದಾರಿ ನಮ್ಮದು.

ಈಗ ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಬೆನ್ನು ತಿರುಗಿಸಿ ಕೂತು ಕೇಳುತ್ತೇನೆ. ಯಾರು ಯಾರಿಗೆ ಹೇಳಿದರು ಎನ್ನುವುದು ಗೊತ್ತಾಗದಿದ್ದರೆ ತಿದ್ದುತ್ತೇನೆ. ಸಂಭಾಷಣೆಯಲ್ಲಿ ಅಣ್ಣ, ಅತ್ತಿಗೆ, ಪುಟ್ಟಿ ಎಂದು ಸಂಬೋಧನೆ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

3. ವಾರಕ್ಕೊಂದು ಸಿನಿಮಾ ಬರೆಯುತ್ತಿದ್ದೀರಿ ಎನ್ನುವುದು ನೆನಪಿರಲಿ

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು, ಪ್ರೋಮೋ ಕಳೆದರೆ ಕಥೆಗೆ ಸುಮಾರು 22 ನಿಮಿಷ ಸಿಗುತ್ತದೆ. ವಾರಕ್ಕೆ ಆರು ಕಂತಾದರೆ 132 ನಿಮಿಷ. ಒಂದು ಪೂರ್ತಿ ಸಿನಿಮಾದ ಅಳತೆ, ಪ್ರತಿ ವಾರ, ವರ್ಷಗಟ್ಟಲೆ. ಅದಕ್ಕೇ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಇದು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಎಂದು ಹಂಚಿಕೆಯಾಗಿರುತ್ತದೆ. ರಂಗಭೂಮಿಯ ಹುಮ್ಮಸ್ಸಿನಲ್ಲಿ ಮೂರನ್ನೂ ನಾನೇ ಮಾಡುತ್ತೇನೆ ಎಂದು ಹೊತ್ತುಕೊಂಡೆ. ಮೊದಮೊದಲು ಕೈಯಲ್ಲಿ ಎಪಿಸೋಡ್ ಬ್ಯಾಂಕ್ ಇತ್ತು, ಪ್ರಸಾರಕ್ಕಿಂತ ಎರಡು ವಾರ ಮುಂದಿದ್ದೆವು. ಮೆಲ್ಲಗೆ ಬ್ಯಾಂಕ್ ಕರಗಿತು. ಕೊನೆಗೆ ಮಧ್ಯಾಹ್ನ ಚಿತ್ರೀಕರಣವಾಗಬೇಕಾದ ದೃಶ್ಯವನ್ನು ಬೆಳಿಗ್ಗೆ ಮೊಬೈಲಿನಲ್ಲಿ ಕಳಿಸುವ ಸ್ಥಿತಿ ಬಂತು. ಕಲಾವಿದರಿಗೆ ಮಾತನ್ನು ಓದಿಕೊಳ್ಳಲೂ ಹೊತ್ತಿಲ್ಲ. ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟ್ ಮಾಡುತ್ತಾರೆ, ಕಲಾವಿದರು ಅದನ್ನೇ ಹಿಂದೆಯೇ ಹೇಳುತ್ತಾರೆ. ಆ ತಿಂಗಳುಗಳ ಕಂತುಗಳನ್ನು ಇಂದು ನೋಡಿದರೆ ಯಾರ ಮುಖದಲ್ಲೂ ಅರ್ಥ ಕಾಣುವುದಿಲ್ಲ. ಅವರು ಒಳ್ಳೆಯ ಕಲಾವಿದರು. ಅವರಿಗೆ ಹೊತ್ತು ಕೊಡದೆ ಇದ್ದದ್ದು ನಾನು.

ಈಗ ಬ್ಯಾಂಕ್ ಹತ್ತು ಕಂತಿಗಿಂತ ಕೆಳಗಿಳಿದರೆ ತಂಡಕ್ಕೆ ಮತ್ತೊಬ್ಬ ಬರಹಗಾರರನ್ನು ಕೇಳುತ್ತೇನೆ. ಅವರ ಸಂಭಾವನೆ ನನ್ನ ಪಾಲಿನಿಂದ ಹೋದರೂ ಸರಿ.

4. ಗುರುವಾರದ ಅಂಕಿ ಏನಾಯಿತು ಎನ್ನುತ್ತದೆ, ಏಕಾಯಿತು ಎನ್ನುವುದಿಲ್ಲ

2015ರಿಂದ, ಟೀವಿ ನೋಡುಗರನ್ನು ಅಳೆಯುವ ಬಾರ್ಕ್ ಸಂಸ್ಥೆಯ ಅಂಕಿಗಳೇ ಈ ಉದ್ಯಮದ ಪಂಚಾಂಗ. ಗುರುವಾರ ಬಂತೆಂದರೆ ಟಿಆರ್‌ಪಿ ಬಂತು. ಅವತ್ತು ಫೋನ್ ರಿಂಗಾದರೆ ಎತ್ತುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ.

ಒಮ್ಮೆ ನಮ್ಮ ಧಾರಾವಾಹಿಯ ಅಂಕಿ ಎರಡು ವಾರ ಸತತವಾಗಿ ಬಿತ್ತು. ಚಾನೆಲ್‌ನಿಂದ ಹೊಸ ಟ್ರ್ಯಾಕ್ ಬೇಕೆಂದು ಒತ್ತಾಯ ಬಂತು. ನಾನು ರಾತ್ರಿ ಕೂತು, ನಾಯಕಿಯ ತಂದೆಗೆ ಗುಟ್ಟಿನ ಇನ್ನೊಂದು ಸಂಸಾರವಿದೆ ಎಂದು ಬರೆದೆ. ಆ ತಂದೆ ಅಲ್ಲಿಯವರೆಗೆ ಇಡೀ ಕಥೆಯ ನಂಬಿಕೆಯ ಮನುಷ್ಯ. ಹಳ್ಳಿಯ ಪೋಸ್ಟ್‌ಮಾಸ್ಟರ್, ಒಂದು ರೂಪಾಯಿಗೂ ಲೆಕ್ಕ ಒಪ್ಪಿಸುವವರು. ಬರೆದ ಮೇಲೆ ಅಂಕಿ ಇನ್ನೂ ಬಿತ್ತು. ಆಮೇಲೆ ತಿಳಿದ ಕಾರಣ ಬಹಳ ಸರಳ. ಐಪಿಎಲ್ ಶುರುವಾಗಿತ್ತು, ಎಂಟು ಗಂಟೆಯ ರಿಮೋಟ್ ಮನೆಯ ಗಂಡಸರ ಕೈಗೆ ಹೋಗಿತ್ತು. ಐಪಿಎಲ್ ಮುಗಿಯಿತು, ರಿಮೋಟ್ ಮರಳಿ ಬಂತು, ಆದರೆ ಆ ಪೋಸ್ಟ್‌ಮಾಸ್ಟರ್ ಮರಳಿ ಬರಲಿಲ್ಲ. ಅವರ ಬಾಯಲ್ಲಿ ಇನ್ನು ಯಾವ ಬುದ್ಧಿಮಾತು ಬರೆದರೂ ನೋಡುವವರು ನಂಬುವಂತಿರಲಿಲ್ಲ. ಆ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದರು ಒಂದು ದಿನ ಮೇಕಪ್ ಕೋಣೆಯಲ್ಲಿ, "ಅಮ್ಮಾ, ಊರಲ್ಲಿ ಜನ ನನ್ನನ್ನ ಮಾತಾಡಿಸೋದು ಕಮ್ಮಿಯಾಗಿದೆ" ಎಂದರು. ಅದನ್ನು ನಾನು ಮರೆತಿಲ್ಲ.

ಮಾರ್ಚ್-ಏಪ್ರಿಲ್‌ನಲ್ಲಿ ಎಸ್ಎಸ್ಎಲ್‌ಸಿ, ಪಿಯುಸಿ ಪರೀಕ್ಷೆಯ ಮನೆಗಳಲ್ಲಿ ಟೀವಿ ಆಫ್ ಆಗಿರುತ್ತದೆ. ಗಣೇಶನ ಹಬ್ಬದ ವಾರ ಜನ ಬೀದಿಯಲ್ಲಿರುತ್ತಾರೆ. ಎದುರಿನ ಚಾನೆಲ್‌ನಲ್ಲಿ ಮದುವೆಯ ಮಹಾಸಂಚಿಕೆ ಇರಬಹುದು. ಇಷ್ಟನ್ನೂ ಕ್ಯಾಲೆಂಡರ್ ನೋಡಿ ಪಟ್ಟಿ ಮಾಡಿ, ಚಾನೆಲ್‌ನವರ ಮುಂದಿಟ್ಟು, ಎರಡು ವಾರ ತಾಳೋಣ ಎಂದು ಕೇಳುವುದನ್ನು ಕಲಿತೆ. ಎಲ್ಲ ಸಲವೂ ಒಪ್ಪುವುದಿಲ್ಲ. ಆದರೆ ಪಾತ್ರದ ಶೀಲವನ್ನು ಅಂಕಿಗೋಸ್ಕರ ಮಾರುವ ಬರವಣಿಗೆಗೆ ನಾನು ಮತ್ತೆ ಕೈ ಹಾಕಿಲ್ಲ.

5. ಪಾತ್ರಗಳಿಗೆ ಕೆಲಸ ಕೊಡಿ, ಸಂಬಳ ಕೊಡಿ

1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'ವನ್ನು ನಮ್ಮ ತಲೆಮಾರಿನವರು ಪಾಠದಂತೆ ನೋಡಿದೆವು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಧಾರಾವಾಹಿ. ಅದರ ಜನ ನಮ್ಮ ಬೀದಿಯವರೇ ಎನ್ನಿಸುತ್ತಿತ್ತು, ಏಕೆಂದರೆ ಅವರಿಗೆ ದುಡ್ಡಿನ ಚಿಂತೆ ಇತ್ತು. ಸೀತಾರಾಂ ಅವರ ಮುಂದಿನ ಧಾರಾವಾಹಿಗಳಲ್ಲಿ ಕೋರ್ಟಿನ ದೃಶ್ಯಗಳಿಗೆ ಜನ ಕಾದು ಕೂರುತ್ತಿದ್ದರು. ಕಟಕಟೆಯಲ್ಲಿ ಒಬ್ಬರು, ಎದುರಿಗೆ ಪಾಟೀಸವಾಲು ಮಾಡುವ ಇನ್ನೊಬ್ಬರು, ಅಷ್ಟೇ. ಟ್ಯಾಂಕರ್ ಇಲ್ಲ, ಕಾರು ಪಲ್ಟಿಯಾಗುವುದಿಲ್ಲ. ಗೆದ್ದರೆ ಏನು ಸಿಗುತ್ತದೆ, ಸೋತರೆ ಏನು ಹೋಗುತ್ತದೆ ಎನ್ನುವುದು ಸ್ಪಷ್ಟವಿದ್ದರೆ ಬರೀ ಮಾತೇ ಹಿಡಿದು ಕೂರಿಸುತ್ತದೆ.

ಇಷ್ಟೆಲ್ಲ ನೋಡಿಯೂ ನನ್ನ ಮೊದಲ ದಿನವಹಿ ಧಾರಾವಾಹಿಯಲ್ಲಿ ಯಾರೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ದೊಡ್ಡ ಮನೆ, ಹಾಲ್‌ನಲ್ಲಿ ಎಂಟು ಜನ, ಬೆಳಿಗ್ಗೆ ಹತ್ತಕ್ಕೂ ರೇಷ್ಮೆ ಸೀರೆ. ಖಳನಾಯಕಿ ಮೆಟ್ಟಿಲ ಮೇಲೆ ನಿಂತು ಸಂಚು ಹೂಡುತ್ತಾಳೆ. ಏಕೆ ಹೂಡುತ್ತಾಳೆ? ನನಗೇ ಗೊತ್ತಿರಲಿಲ್ಲ. ಆಕೆ ಕೆಟ್ಟವಳು, ಅದಕ್ಕೇ. ಮುಂದಿನ ಧಾರಾವಾಹಿಯಲ್ಲಿ ಖಳನಾಯಕಿಗೆ ಒಂದು ಚೀಟಿ ವ್ಯವಹಾರ ಕೊಟ್ಟೆ. ಬೀದಿಯ ಹೆಂಗಸರ ದುಡ್ಡು ಆಕೆಯ ಕೈಯಲ್ಲಿದೆ, ಒಬ್ಬಳು ಚೀಟಿ ಎತ್ತಿ ಓಡಿಹೋಗಿದ್ದಾಳೆ, ಈಕೆ ತಿಂಗಳ ಕೊನೆಗೆ ಉಳಿದವರಿಗೆ ಮುಖ ತೋರಿಸಬೇಕು. ಆಮೇಲೆ ಸಂಚನ್ನು ನಾನು ಹುಡುಕಬೇಕಾಗಲಿಲ್ಲ, ಆಕೆಯೇ ಹೂಡಿಕೊಂಡಳು. ನೋಡುಗರು ಆಕೆಯನ್ನು ಬೈದರು, ಆಕೆಗಾಗಿ ಮರುಗಿದರು. ಒಂದೇ ಪಾತ್ರಕ್ಕೆ ಎರಡೂ ಆದಾಗ ಕಥೆ ನೂರು ಕಂತು ತಾನಾಗಿ ನಡೆಯುತ್ತದೆ.

6. ರೀಮೇಕ್ ಎಂದು ಕೈ ಚೆಲ್ಲಬೇಡಿ

ಬೇರೆ ಭಾಷೆಯಲ್ಲಿ ಗೆದ್ದ ಕಥೆಯನ್ನು ಕನ್ನಡಕ್ಕೆ ತರುವ ಕೆಲಸ ಈ ವೃತ್ತಿಯಲ್ಲಿ ಬಂದೇ ಬರುತ್ತದೆ. ಹಿಂದಿಯ 'ಬಾಲಿಕಾ ವಧು' ಇಲ್ಲಿ 'ಪುಟ್ಟಗೌರಿ ಮದುವೆ'ಯಾಯಿತು. ಮರಾಠಿಯ 'ತುಲಾ ಪಾಹತೇ ರೇ' ಇಲ್ಲಿ 'ಜೊತೆಜೊತೆಯಲಿ'ಯಾಯಿತು. ಎರಡೂ ನಮ್ಮ ಮನೆಗಳ ಕಥೆಗಳೇ ಆಗಿ ಹೋದವು. ಅದು ತಾನಾಗಿ ಆಗುವುದಿಲ್ಲ ಎಂದು ನನಗೆ ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ.

ಒಂದು ಹಿಂದಿ ಕಥೆ ನನ್ನ ಪಾಲಿಗೆ ಬಂತು. ಅದರಲ್ಲಿ ನಾಯಕನ ಸೋದರತ್ತೆಯ ಮಗಳು ಅದೇ ಮನೆಯಲ್ಲಿ ಬೆಳೆದವಳು. ಇಬ್ಬರೂ ಜಗಳವಾಡುತ್ತಾರೆ, ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಕಿತ್ತು ತಿನ್ನುತ್ತಾರೆ. ಅಲ್ಲಿಯವರಿಗೆ ಅವಳು ತಂಗಿ, ರಾಖಿ ಕಟ್ಟುವವಳು. ಅದನ್ನು ಹಾಗೆಯೇ ಕನ್ನಡದಲ್ಲಿ ಬರೆದೆ. ಮೊದಲ ದಿನದ ಚಿತ್ರೀಕರಣ ಮುಗಿದಾಗ ಸಹಾಯಕ ನಿರ್ದೇಶಕ ಹುಡುಗ ಬಂದು, "ಮೇಡಂ, ಇವಳೇ ಹೀರೋಯಿನ್ನಾ?" ಎಂದ. ಅವನ ತಪ್ಪೇನಿದೆ? ನಮ್ಮ ಕಡೆ ಅತ್ತೆ ಮಗಳು ಎಂದರೆ ಹುಟ್ಟಿದ ದಿನವೇ ಯಾರೋ ಒಬ್ಬರು "ನಮ್ಮ ಮನೆ ಸೊಸೆ" ಎಂದುಬಿಟ್ಟಿರುತ್ತಾರೆ. ಹಿಂದಿಯಲ್ಲಿ ನಿಷ್ಕಪಟವಾಗಿದ್ದ ದೃಶ್ಯ ಕನ್ನಡದಲ್ಲಿ ಪ್ರೇಮದ ದೃಶ್ಯವಾಗಿತ್ತು.

ಆಗ ಎರಡು ದಾರಿ ಇದ್ದವು. ಆಕೆಯನ್ನು ಚಿಕ್ಕಪ್ಪನ ಮಗಳು ಮಾಡಿದರೆ ತೊಂದರೆ ತೀರುತ್ತಿತ್ತು. ನಾವು ಅತ್ತೆ ಮಗಳಾಗಿಯೇ ಉಳಿಸಿದೆವು. ಹೊರಗಿನಿಂದ ನಾಯಕಿ ಬಂದಾಗ, ಮಗಳಿಗೆ ಸಲ್ಲಬೇಕಾದ ಮನೆ ತಪ್ಪಿತಲ್ಲ ಎಂಬ ಸೋದರತ್ತೆಯ ನೋವಿಗೆ ಒಂದು ನ್ಯಾಯ ಬಂತು. ಮೂಲದಲ್ಲಿ ಇಲ್ಲದ ಆ ನೋವಿನ ಮೇಲೆಯೇ ನಮ್ಮ ಕಥೆ ಮುಂದೆ ಬೆಳೆಯಿತು. ಕರ್ವಾ ಚೌತ್ ತೆಗೆದು ಭೀಮನ ಅಮಾವಾಸ್ಯೆ ಹಾಕುವುದು ಸುಲಭ, ಎಲ್ಲರೂ ಮಾಡುತ್ತಾರೆ. ಯಾರು ಯಾರಿಗೆ ಏನಾಗಬೇಕು ಎನ್ನುವ ನಂಟಿನ ಲೆಕ್ಕವನ್ನು ಹೊಸದಾಗಿ ಹಾಕುವುದೇ ನಿಜವಾದ ಕೆಲಸ.

7. ಭಾಷೆಯ ತಿದ್ದುಪಡಿ ಯಾರಿಂದ ಬಂದರೂ ತೆಗೆದುಕೊಳ್ಳಿ

ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ 'ಮೂಡಲ ಮನೆ' ಉತ್ತರ ಕರ್ನಾಟಕದ ಮನೆಮಾತನ್ನು ಬೆಂಗಳೂರು, ಮೈಸೂರಿನ ಮನೆಗಳಿಗೂ ಹತ್ತಿರ ಮಾಡಿತ್ತು. ಆ ಧೈರ್ಯದಲ್ಲಿ ನಾನೂ ಒಂದು ಪಾತ್ರವನ್ನು ಆ ಕಡೆಯಿಂದ ತಂದೆ, ಮಾತಿನ ಕೊನೆಗೆ 'ರಿ' ಸೇರಿಸಿದರೆ ಆಯಿತು ಎಂದುಕೊಂಡೆ. ಲೈಟ್ ಯೂನಿಟ್ಟಿನಲ್ಲಿ ಗದಗದ ಕಡೆಯ ಹಿರಿಯರೊಬ್ಬರಿದ್ದರು. ಊಟದ ಹೊತ್ತಿಗೆ ಬಂದು, ಬಹಳ ಸಂಕೋಚದಿಂದ, ನಮ್ಮ ಕಡೆ ಸೊಸೆ ಮಾವನ ಮುಂದ ಹಿಂಗ ಮಾತಾಡೂದಿಲ್ಲರೀ ಎಂದರು. ಧಾರವಾಡದ ಮಾತು ಬೇರೆ, ವಿಜಯಪುರದ್ದು ಬೇರೆ, ಕಲಬುರಗಿಯದು ಇನ್ನೂ ಬೇರೆ ಎಂದು ತೋರಿಸಿಕೊಟ್ಟವರು ಅವರೇ. ಆಮೇಲೆ ಆ ಪಾತ್ರದ ದೃಶ್ಯವಿದ್ದ ದಿನ ಅವರಿಗೆ ಮೊದಲು ಓದಿ ಹೇಳುತ್ತಿದ್ದೆ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಭಾಷಾ ಸಲಹೆ ಎಂದು ಬರಬೇಕಿತ್ತು. ಆಗ ನನಗೆ ಹೊಳೆಯಲಿಲ್ಲ.

8. ಬಿಲ್ಲು ಕೊಟ್ಟ ದಿನ ದುಡ್ಡು ಬರುವುದಿಲ್ಲ

ಬರವಣಿಗೆಯಲ್ಲಿ ಸ್ವಲ್ಪ ಹೆಸರಾದ ಮೇಲೆ ನಿರ್ಮಾಣಕ್ಕೆ ಇಳಿದೆ. ನನ್ನ ಕಥೆಯನ್ನು ನಾನೇ ಮಾಡಿಸಿದರೆ ಯಾರ ಮರ್ಜಿಯೂ ಬೇಡ ಎನ್ನುವ ಆಸೆ. ಚಾನೆಲ್ ಕಂತಿಗೆ ಇಷ್ಟು ಎಂದು ಗೊತ್ತುಮಾಡಿತು. ನಾನು ಕಾಗದದ ಮೇಲೆ ಖರ್ಚು ಕಳೆದೆ, ಉಳಿಯುವುದನ್ನು ನೋಡಿ ಸಂತೋಷಪಟ್ಟೆ. ನೋಡದೇ ಹೋದದ್ದು ತಾರೀಖುಗಳನ್ನು.

ಖರ್ಚಿನ ತಾರೀಖು ಇವತ್ತು. ಶೂಟಿಂಗ್ ಮನೆಯ ಬಾಡಿಗೆ ಇವತ್ತು, ಕ್ಯಾಮೆರಾ, ಲೈಟಿನ ಬಾಡಿಗೆ ಇವತ್ತು, ಬೆಳಗಿನ ತಿಂಡಿಯಿಂದ ಸಂಜೆಯ ಚಹಾದವರೆಗೆ ಇಡೀ ಯೂನಿಟ್ಟಿನ ಊಟ ಇವತ್ತು, ದಿನಗೂಲಿಯ ಹುಡುಗರ ಬೇಟಾ, ಅಂದರೆ ದಿನದ ಭತ್ಯೆ, ಪ್ಯಾಕಪ್ ಆದ ಕೂಡಲೇ. ಆದಾಯದ ತಾರೀಖು ಮಾತ್ರ ಕಂತು ಪ್ರಸಾರವಾಗಿ, ತಿಂಗಳ ಬಿಲ್ಲು ಹೋಗಿ, ಅದು ಪಾಸಾಗಿ, ಎರಡು ಮೂರು ತಿಂಗಳಾದ ಮೇಲೆ. ಅದರಲ್ಲೂ ಟಿಡಿಎಸ್ ಕಳೆದು ಬರುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಜಿಎಸ್‌ಟಿ. ಬಿಲ್ಲು ಹಾಕಿದರೆ ಶೇ. 18ರ ತೆರಿಗೆಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಆ ಬಿಲ್ಲಿನ ದುಡ್ಡು ನಿಮ್ಮ ಕೈಗೆ ಬಂದಿರಲಿ ಬಿಡಲಿ. ಮೂರು ತಿಂಗಳ ಖರ್ಚು ಕೈಯಲ್ಲಿ ಇಲ್ಲದೆ ಈ ಕೆಲಸಕ್ಕೆ ಇಳಿಯುವಂತಿಲ್ಲ ಎನ್ನುವುದು ಇದರ ಅರ್ಥ. ನನ್ನ ಕೈಯಲ್ಲಿ ಒಂದು ತಿಂಗಳಿನದೂ ಪೂರ್ತಿ ಇರಲಿಲ್ಲ.

ಬಡ್ಡಿಗೆ ತಂದೆ. ಒಡವೆ ಇಟ್ಟೆ. ಅಷ್ಟಕ್ಕೇ ನಿಂತಿದ್ದರೆ ಅದು ನನ್ನ ನೋವು ಮಾತ್ರ ಆಗುತ್ತಿತ್ತು. ಧಾರಾವಾಹಿಯನ್ನು ನಿಲ್ಲಿಸುತ್ತೇವೆಂದು ಚಾನೆಲ್ ಎರಡು ವಾರದ ನೋಟಿಸ್ ಕೊಟ್ಟಾಗ ನಾನು ಬಾಕಿ ಇಟ್ಟುಕೊಂಡದ್ದು ಯಾರಿಗೆ ಎಂದು ಪಟ್ಟಿ ಮಾಡಿದೆ. ದೊಡ್ಡ ಕಲಾವಿದರಿಗೆ, ಗಟ್ಟಿಯಾಗಿ ಕೇಳಬಲ್ಲವರಿಗೆ ಎಲ್ಲ ಕೊಟ್ಟಾಗಿತ್ತು. ಬಾಕಿ ಉಳಿದಿದ್ದದ್ದು ಮೇಕಪ್ ಸಹಾಯಕಿಗೆ, ಕಾಸ್ಟ್ಯೂಮ್ ಇಸ್ತ್ರಿ ಮಾಡುವವರಿಗೆ, ಜನರೇಟರ್ ಗಾಡಿಯವರಿಗೆ, ಊಟ ತರುವವರಿಗೆ. ಕೇಳದವರಿಗೆ ಕೊಡದೆ, ಕೇಳಿದವರಿಗೆ ಕೊಡುತ್ತ ಹೋಗಿದ್ದೆ. ಬಡವರ ಕಷ್ಟದ ಕಥೆ ಬರೆದು ಚಪ್ಪಾಳೆ ತೆಗೆದುಕೊಂಡವಳು ನಾನು. ನನ್ನ ಲೆಕ್ಕದ ಪುಸ್ತಕ ಬೇರೆಯೇ ಕಥೆ ಹೇಳುತ್ತಿತ್ತು. ಆ ಬಾಕಿ ತೀರಿಸಲು ಮತ್ತೆ ಬೇರೆಯವರ ಧಾರಾವಾಹಿಗೆ ಸಂಭಾಷಣೆ ಬರೆಯಲು ಹೋದೆ. ಎಲ್ಲರಿಗೂ ತೀರಿಸಿದ್ದೇನೆ, ಆದರೆ ತಡವಾಗಿ. ತಡವಾದ ಕೂಲಿಯಿಂದ ಒಂದು ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕ ತಪ್ಪಿತ್ತೆಂದು ಆಮೇಲೆ ಕೇಳಿದೆ.

ಈಗ ನಿರ್ಮಾಣಕ್ಕೆ ಕೈ ಹಾಕಿದರೆ ಮೊದಲು ತೆರೆಯುವುದು ಬೇರೆ ಖಾತೆಯೊಂದನ್ನು. ದಿನಗೂಲಿ, ಊಟ ಮತ್ತು ತೆರಿಗೆಯ ಹಣ ಅದರಲ್ಲಿ ಇರುತ್ತದೆ. ಬೇರೆ ಯಾವ ಕಾರಣಕ್ಕೂ ಅದನ್ನು ಮುಟ್ಟುವುದಿಲ್ಲ. ಹೊಸ ನಿರ್ಮಾಪಕರು ಈ ಬರಹದಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಅದು ಇದಾಗಿರಲಿ.

9. ಸಹಿ ಹಾಕುವ ಮೊದಲು ಪೂರ್ತಿ ಓದಿ

ಚಿಕ್ಕ ಪಾಠ, ಆದರೆ ದುಬಾರಿ. ಚಾನೆಲ್ ದುಡ್ಡು ಕೊಟ್ಟು ಮಾಡಿಸುವ ಧಾರಾವಾಹಿಯ ಹಕ್ಕು ಕರಾರಿನ ಪ್ರಕಾರ ಸಾಮಾನ್ಯವಾಗಿ ಚಾನೆಲ್‌ಗೇ ಸೇರುತ್ತದೆ. ಅದು ಬೇರೆ ಭಾಷೆಗೆ ಹೋದಾಗ ನಿಮಗೇನು, ಮಧ್ಯದಲ್ಲಿ ನಿಮ್ಮನ್ನು ಬದಲಿಸಿದರೆ ಕಥೆಗೆ ನಿಮ್ಮ ಹೆಸರು ಉಳಿಯುತ್ತದೆಯೇ, ಕಂತು ಬರೆದು ಅದು ಚಿತ್ರೀಕರಣವಾಗದಿದ್ದರೆ ಸಂಭಾವನೆ ಉಂಟೇ ಎನ್ನುವ ಮೂರನ್ನು ಕೇಳಿ ಬರೆಸಿಕೊಳ್ಳಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಅದರಂತೆ ಚಿತ್ರದಲ್ಲಿ ಬಳಕೆಯಾದ ಸಾಹಿತ್ಯಕ್ಕೆ ಥಿಯೇಟರಿನಾಚೆ ಬರುವ ರಾಯಧನದಲ್ಲಿ ತಮ್ಮ ಸಮಪಾಲು ಪಡೆಯುವ ಹಕ್ಕನ್ನು ಬರೆದವರು ತಮ್ಮ ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಕಾನೂನಿನಲ್ಲಿರುವುದೆಲ್ಲ ಕೈಗೆ ಬರುತ್ತದೆ ಎಂದಲ್ಲ. ಇದೆ ಎನ್ನುವುದಾದರೂ ಗೊತ್ತಿರಬೇಕು. ನನ್ನ ಮೊದಲ ಕಥೆಯೊಂದು ಬೇರೆ ಭಾಷೆಯಲ್ಲಿ ಬಂದಾಗ, ಅದು ನನ್ನದೆಂದು ತೋರಿಸಲು ತಾರೀಖು ಇರುವ ಒಂದು ಇಮೇಲ್ ಕೂಡ ನನ್ನ ಬಳಿ ಇರಲಿಲ್ಲ.

10. ನಿಂತುಹೋದಾಗ ಏನು ಬರೆಯುತ್ತೀರಿ ಎಂದು ಮೊದಲೇ ಯೋಚಿಸಿ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಚಿತ್ರೀಕರಣ ನಿಂತಾಗ ಇಡೀ ಉದ್ಯಮಕ್ಕೆ ಕೈಯಲ್ಲಿದ್ದ ಎಪಿಸೋಡ್ ಬ್ಯಾಂಕ್ ಎಷ್ಟು ಕಡಿಮೆ ಎನ್ನುವುದು ತಿಳಿಯಿತು. ಚಾನೆಲ್‌ಗಳು ಹಳೆಯ ಕಂತುಗಳನ್ನು ಮತ್ತೆ ಹಾಕಿದವು, ಹಿಂದಿಯ 'ಮಹಾಭಾರತ' ಡಬ್ ಆಗಿ ಬಂದು ಮನೆಮಾತಾಯಿತು. ಮುಂದಿನ ವರ್ಷದ ಎರಡನೇ ಅಲೆಯಲ್ಲಿ ಹಲವು ಕನ್ನಡ ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಚಿತ್ರೀಕರಿಸಿದವು. ಒಂದು ಕೋಣೆ, ಮೂರು ಪಾತ್ರ, ದೂರ ನಿಂತು ಮಾತು ಎಂಬ ಕಟ್ಟಳೆಯಲ್ಲಿ ಬರೆದ ಆ ದಿನಗಳ ಕೆಲವು ದೃಶ್ಯಗಳು ನಾನು ಬರೆದವುಗಳಲ್ಲಿ ಒಳ್ಳೆಯವು ಎಂದು ನನಗನ್ನಿಸುತ್ತದೆ. ಎಂಟು ಜನರನ್ನು ಹಾಲ್‌ನಲ್ಲಿ ನಿಲ್ಲಿಸಲು ಆಗದಿದ್ದಾಗ, ಆ ಮೂವರು ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಯೋಚಿಸಲೇಬೇಕಾಯಿತು.

ಚಿತ್ರೀಕರಣವಷ್ಟೇ ಅಲ್ಲ, ಧಾರಾವಾಹಿಯೇ ನಿಲ್ಲುವುದೂ ಉಂಟು; ನೋಟಿಸ್ ಬಂದ ಎರಡು ವಾರದಲ್ಲಿ ಮುಗಿಯುತ್ತದೆ. ವರ್ಷಗಟ್ಟಲೆ ಬೆಳೆದ ಕಥೆ ಕೊನೆಯ ಆರು ಕಂತಿನಲ್ಲಿ ಓಡಿ ಮುಗಿದು, ಖಳನಾಯಕಿ ಒಂದೇ ಭಾಷಣಕ್ಕೆ ಒಳ್ಳೆಯವಳಾಗುವುದನ್ನು ನೋಡಿದ್ದೀರಿ. ನಾನೂ ಬರೆದಿದ್ದೇನೆ. ಈಗ ಕಥೆ ಒಪ್ಪಿಗೆಯಾದ ತಿಂಗಳಲ್ಲೇ ಕೊನೆಯ ಹತ್ತು ಕಂತಿನ ಒನ್‌ಲೈನ್ ಬರೆದಿಡುತ್ತೇನೆ, ಆರು ತಿಂಗಳಿಗೊಮ್ಮೆ ತಿದ್ದುತ್ತೇನೆ. ಇಷ್ಟು ದಿನ ಜೊತೆಗೆ ಬಂದ ನೋಡುಗರಿಗೆ ಒಂದು ಸರಿಯಾದ ವಿದಾಯ ಸಲ್ಲಬೇಕು.

11. ಹೆಸರುಗಳನ್ನು ಹಾಕಿ

ಇದು ಪಾಠಕ್ಕಿಂತ ಕೋರಿಕೆ. ದಿನವಹಿ ಧಾರಾವಾಹಿಯಲ್ಲಿ ಟೈಟಲ್ ಹಾಡು ಚಿಕ್ಕದಾಗುತ್ತ ಬಂದಿದೆ, ಎಷ್ಟೋ ದಿನ ಇರುವುದೇ ಇಲ್ಲ. ಹೆಸರುಗಳು ಕಣ್ಣಿಗೆ ಬೀಳುವ ಮೊದಲೇ ಓಡುತ್ತವೆ. ಬೆಳಿಗ್ಗೆ ಏಳಕ್ಕೆ ಬಂದು ನಮ್ಮ ಬರಹವನ್ನು ಮಾಡಿ ತೋರಿಸುವವರ ಮನೆಯವರು ಆ ಹೆಸರಿಗಾಗಿ ಕಾದಿರುತ್ತಾರೆ. ಸಂಭಾಷಣೆ ಬರೆಯುವ ಹೊಸ ಹುಡುಗಿಗೆ ಮುಂದಿನ ಕೆಲಸ ಸಿಗುವುದೂ ಆ ಹೆಸರಿನಿಂದ. ಚಾನೆಲ್‌ಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಸ್ನೇಹಿತರಲ್ಲಿ, ನನ್ನಂಥ ನಿರ್ಮಾಪಕರಲ್ಲಿ ಕೇಳಿಕೊಳ್ಳುತ್ತೇನೆ: ವಾರಕ್ಕೆ ಒಂದು ಕಂತಿನಲ್ಲಾದರೂ ಎಲ್ಲರ ಹೆಸರನ್ನೂ ಓದಲು ಆಗುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಿ. ಮೊಬೈಲಿನಲ್ಲಿ ನೋಡುವವರಿಗೂ ಅದು ಕಾಣುವಂತೆ ಮಾಡಿ.